ಜೊಲ್ಲಿನಲ್ಲಿ ಥೈರಾಯ್ಡ್ ಹುಡುಕುವ ಮುನ್ನ

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಹಳೆಯ ಪಿ.ಬಿ. ರಸ್ತೆಯಲ್ಲಿ ಬಸ್ಸು ಹಿಡಿದರೆ ಅರ್ಧ ಗಂಟೆಯ ದಾರಿ. ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆಯಾದರೂ ತಂಗಿಯ ಮನೆಗೆ ಹೋಗಿಬರುವುದು ನನ್ನ ರೂಢಿ. ಕಳೆದ ವರ್ಷ ಮಂಡಿನೋವಿನ ದೆಸೆಯಿಂದ ನಾಲ್ಕು ತಿಂಗಳು ಆ ಕಡೆ ಹೋಗಲಾಗಲಿಲ್ಲ. ಕೊನೆಗೂ ಹೋದ ದಿನ ಬಾಗಿಲು ತೆರೆದವಳನ್ನು ಕಂಡು ಕ್ಷಣಕಾಲ ಗುರುತೇ ಸಿಗದಂತಾಯಿತು. ಮುಖ ಊದಿಕೊಂಡಿತ್ತು, ದನಿ ಒಡೆದು ದಪ್ಪಗಾಗಿತ್ತು. ಮಾತು ಒಂದೊಂದಾಗಿ, ಬಾವಿಯಿಂದ ನೀರು ಸೇದಿದಂತೆ ಬರುತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಆಕೆ ಶಾಲು ಹೊದ್ದಿದ್ದಳು.

ಹನ್ನೊಂದು ವರ್ಷಗಳಿಂದ ಥೈರಾಯ್ಡ್ ಗುಳಿಗೆ ತಪ್ಪದೆ ನುಂಗುತ್ತಿದ್ದವಳು ಆಕೆ. ಗುಳಿಗೆ ಎಲ್ಲಿ ಎಂದು ಕೇಳಿದೆ. ‘ಬಿಟ್ಟೀನಣ್ಣ. ಶಿಬಿರದಾಗೆ ಉಗುಳು ತಗಂಡು ನೋಡಿದ್ರು. ಉರಿಯೂತ ಇಲ್ಲಂತೆ. ಹಂಗಾರೆ ಗುಳಿಗಿ ಯಾಕೆ ಅಂತ ಬಿಟ್ಟೆ’ ಎಂದಳು. ದೇವರ ಕೋಣೆಯ ಗೂಡಿನಿಂದ, ಪಡಿತರ ಚೀಟಿಯ ಜೊತೆ ಜೋಪಾನವಾಗಿಟ್ಟಿದ್ದ ಬಣ್ಣದ ಕಾಗದವೊಂದನ್ನು ತಂದುಕೊಟ್ಟಳು. ಲಾಲಾರಸದಲ್ಲಿ ಉರಿಯೂತದ ಸೂಚಕಗಳು ಮಿತಿಯೊಳಗಿವೆ, ಆದ್ದರಿಂದ ಥೈರಾಯ್ಡ್ ಗ್ರಂಥಿ ನೆಮ್ಮದಿಯಲ್ಲಿದೆ ಎಂಬುದು ಅದರ ಸಾರಾಂಶ. ಕೆಳಗೆ ವೈದ್ಯರ ಸಹಿ ಇರಲಿಲ್ಲ. ಗುಳಿಗೆ ನಿಲ್ಲಿಸಿ ಎಂದೇನೂ ಅದರಲ್ಲಿ ಬರೆದಿರಲಿಲ್ಲ, ನಿಜ. ನಿಲ್ಲಿಸಬೇಡಿ ಎಂದೂ ಬರೆದಿರಲಿಲ್ಲ. ಶಿಬಿರ ನಡೆಸಿದವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಅದು ಅವರೊಬ್ಬರ ತಪ್ಪೆಂದು ಓದುಗರು ಭಾವಿಸಿಯಾರು.

ಮರುದಿನವೇ ರಕ್ತ ಕೊಡಿಸಿದೆವು. ಟಿಎಸ್‌ಎಚ್ ಎಂಬ ಹಾರ್ಮೋನು ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಆಕೆಗೆ 78 ಇತ್ತು.

ತಂಗಿಯ ಗಂಡ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಅದು ಮುಚ್ಚುವವರೆಗೂ ದುಡಿದವರು. ನಾನು ಎರಡೂ ಕಾಗದಗಳನ್ನು ಎದುರು ಹಿಡಿದು ಅರ್ಥ ಮಾಡಿಕೊಳ್ಳಲು ಹೆಣಗುತ್ತಿದ್ದಾಗ ಅವರು ಒಂದೇ ಮಾತಿನಲ್ಲಿ ವಿಷಯ ಮುಗಿಸಿದರು. ‘ಭಾವ, ಷಾಪಿನಾಗೆ ಎಷ್ಟು ಸೆಕೆ ಐತಿ ಅಂತ ಥರ್ಮಾಮೀಟರ್ ಹೇಳತೈತಿ. ಆದ್ರೆ ಶಾಫ್ಟು ಎಷ್ಟು ದಪ್ಪ ಐತಿ ಅಂತ ತಿಳೀಬೇಕಂದ್ರೆ ಮೈಕ್ರೋಮೀಟರೇ ಹಿಡೀಬೇಕು.’ ಅರ್ಥಶಾಸ್ತ್ರದ ಎಂ.ಎ. ಪದವಿಯಾಗಲಿ ಮೂರು ದಶಕಗಳ ಸರ್ಕಾರಿ ಕಡತಗಳಾಗಲಿ ನನಗೆ ಇಷ್ಟು ಸ್ಪಷ್ಟವಾಗಿ ಯೋಚಿಸಲು ಕಲಿಸಿರಲಿಲ್ಲ. ಆ ಮಾತಿನ ಬೆನ್ನು ಹತ್ತಿ ಕೆಲವು ತಿಂಗಳು ಓದಿದ್ದು, ವೈದ್ಯಮಿತ್ರರನ್ನು ಪೀಡಿಸಿ ತಿಳಿದುಕೊಂಡದ್ದು ಈ ಬರಹಕ್ಕೆ ಆಧಾರ.

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ದೇಹದ ಇಡೀ ವ್ಯವಹಾರದ ವೇಗವನ್ನು ನಿಶ್ಚಯಿಸುತ್ತದೆ. ಅದು ಸಾಕಷ್ಟು ಹಾರ್ಮೋನು ಸ್ರವಿಸದಿದ್ದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ತಗಾದೆಯನ್ನು ಕಳುಹಿಸುತ್ತದೆ. ಉತ್ಪಾದನೆ ಕುಗ್ಗಿದಷ್ಟೂ ತಗಾದೆ ಏರುತ್ತದೆ. ಕಂದಾಯ ಬಾಕಿಯ ನೋಟಿಸಿನಂತೆ ಎಂದುಕೊಳ್ಳಿ. ಹೀಗಾಗಿ ರಕ್ತದಲ್ಲಿ ಟಿಎಸ್‌ಎಚ್ ಅಳೆದರೆ ಗ್ರಂಥಿಯ ಕೆಲಸದ ಅಂದಾಜು ನೇರವಾಗಿ ಸಿಗುತ್ತದೆ. ಎಂಟು ಭಾರತೀಯ ನಗರಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ವಯಸ್ಕರಲ್ಲಿ ಸುಮಾರು ಶೇ 11 ಮಂದಿಗೆ ಥೈರಾಯ್ಡ್ ಕೊರತೆ ಇದೆಯೆಂದು ಕಂಡುಕೊಂಡಿತು. ಆ ಎಂಟರಲ್ಲಿ ಬೆಂಗಳೂರೂ ಒಂದು. ದಾವಣಗೆರೆಯ ಯಾವ ಓಣಿಯಲ್ಲಿ ನಿಂತು ಕೇಳಿದರೂ ‘ನಮ್ಮನೆಯಾಗೂ ಒಬ್ಬರಿಗೆ ಐತಿ’ ಎನ್ನುವ ಉತ್ತರ ಬರುವುದರಲ್ಲಿ ಆಶ್ಚರ್ಯವಿಲ್ಲ.

ಈ ಕೊರತೆಗೆ ಇಂದು ಬಹುಪಾಲು ಕಾರಣ, ದೇಹದ ರಕ್ಷಣಾಪಡೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವುದು. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು. ರೋಗಕ್ಕೆ ಅವರದೇ ಹೆಸರು ನಿಂತಿದೆ. ಗ್ರಂಥಿಯೊಳಗೆ ಬಿಳಿಯ ರಕ್ತಕಣಗಳು ಜಮಾಯಿಸಿ ವರ್ಷಗಟ್ಟಲೆ ಮಂದವಾದ ಉರಿಯೂತ ನಡೆಯುತ್ತದೆ. ಹಾಗಾದರೆ ಆ ಉರಿಯೂತವನ್ನೇ ಅಳೆದರಾಯಿತಲ್ಲ ಎಂಬ ಯೋಚನೆ ಹುಟ್ಟುವುದು ಸಹಜ. ಸಿ-ರಿಯಾಕ್ಟಿವ್ ಪ್ರೋಟೀನು, ಇಂಟರ್‌ಲ್ಯೂಕಿನ್-6 ಮುಂತಾದ ಸೂಚಕಗಳು ರಕ್ತದಲ್ಲಷ್ಟೇ ಅಲ್ಲ, ಲಾಲಾರಸದಲ್ಲೂ ಅಲ್ಪಪ್ರಮಾಣದಲ್ಲಿ ಸಿಗುತ್ತವೆ. ಸೂಜಿ ಬೇಡ, ನೋವಿಲ್ಲ, ಮನೆಯಲ್ಲೇ ಕುಳಿತು ಒಂದು ಕೊಳವೆಗೆ ಉಗುಳಿದರೆ ಸಾಕು. ಎಂಜಲನ್ನು ಮೈಲಿಗೆಯೆಂದು ದೂರವಿಟ್ಟ ನಾವು ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಲು ತಯಾರಾಗಿರುವುದೂ ಒಂದು ಪ್ರಗತಿಯೇ ಅನ್ನಿ.

ಲಾಲಾರಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬಾಯಿಯ ದ್ರವದಿಂದ ಎಚ್‌ಐವಿ ಪತ್ತೆಮಾಡುವ ಶೀಘ್ರ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲೇ ಮಾನ್ಯತೆ ಸಿಕ್ಕಿತು. ಕಾರ್ಟಿಸಾಲ್ ಹೆಚ್ಚಾಗುವ ಕುಶಿಂಗ್ ರೋಗದ ಶಂಕೆಯಿದ್ದಾಗ ತಡರಾತ್ರಿಯ ಲಾಲಾರಸ ಪರೀಕ್ಷೆಯನ್ನು ಹಾರ್ಮೋನು ತಜ್ಞರ ಸಂಘ 2008ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. 2020ರ ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ತೂರಿಸುವ ಬದಲು ಜೊಲ್ಲನ್ನೇ ಪರೀಕ್ಷಿಸುವ ವಿಧಾನ ಹಲವೆಡೆ ಬಳಕೆಗೆ ಬಂತು. ಇವೆಲ್ಲ ಏಕೆ ಯಶಸ್ವಿಯಾದವು ಎಂಬುದನ್ನು ಗಮನಿಸಬೇಕು. ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವ ಸಣ್ಣ ಅಣು. ರಕ್ತದಿಂದ ಜೀವಕೋಶಗಳನ್ನು ದಾಟಿ ಲಾಲಾರಸಕ್ಕೆ ಸಲೀಸಾಗಿ ಬರುತ್ತದೆ, ಆದ್ದರಿಂದ ಇಲ್ಲಿಯ ಲೆಕ್ಕಕ್ಕೂ ಅಲ್ಲಿಯ ಲೆಕ್ಕಕ್ಕೂ ತಾಳೆಯಿದೆ. ಕೊರೊನಾ ವೈರಾಣು ಗಂಟಲು ಬಾಯಿಗಳಲ್ಲೇ ಬೀಡುಬಿಟ್ಟಿತ್ತು. ಎರಡರಲ್ಲೂ ಹುಡುಕಿದ ವಸ್ತುವೇ ರೋಗದ ವಸ್ತುವಾಗಿತ್ತು.

ಉರಿಯೂತದ ಸೂಚಕಗಳ ಕಥೆ ಬೇರೆ. ಸಿ-ರಿಯಾಕ್ಟಿವ್ ಪ್ರೋಟೀನನ್ನು ತಯಾರಿಸುವುದು ಥೈರಾಯ್ಡ್ ಅಲ್ಲ, ಯಕೃತ್ತು. ಮೂತ್ರನಾಳದ ಸೋಂಕು, ಸಂಧಿವಾತ, ಬೊಜ್ಜು, ಬೀಡಿ ಸಿಗರೇಟು, ಯಾವುದೇ ಕಾರಣಕ್ಕೂ ಅದು ಏರಬಹುದು. ಊರಿನ ಮೇಲೆ ಹೊಗೆ ಕಂಡಿತು ಎಂದಷ್ಟೇ ಅದು ಹೇಳುತ್ತದೆ. ಯಾರ ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲಾರದು. ಮೇಲಾಗಿ ಇಂಥ ದೊಡ್ಡ ಪ್ರೋಟೀನುಗಳು ಲಾಲಾರಸಕ್ಕೆ ಬರುವ ಮುಖ್ಯ ದಾರಿಗಳಲ್ಲಿ ಒಂದು, ಹಲ್ಲಿಗೂ ವಸಡಿಗೂ ನಡುವಿನ ಸಂದಿಯಿಂದ ಒಸರುವ ದ್ರವ. ವಸಡು ಊದಿಕೊಂಡಿದ್ದರೆ ಒಸರುವಿಕೆ ಹೆಚ್ಚು, ಜೊತೆಗೆ ವಸಡಿನದೇ ಉರಿಯೂತದ ಸರಕೂ ಅದರಲ್ಲಿ ಬೆರೆಯುತ್ತದೆ. ಬೆಳಿಗ್ಗೆ ಗಟ್ಟಿಯಾಗಿ ಬ್ರಷ್ ಉಜ್ಜಿದಾಗ ಬಂದ ತೊಟ್ಟು ರಕ್ತವೂ ಫಲಿತಾಂಶವನ್ನು ಕೆಡಿಸಬಲ್ಲದು. ನಮ್ಮ ಜಿಲ್ಲೆ ಅಡಿಕೆಯ ಸೀಮೆ. ಚನ್ನಗಿರಿಯ ತೋಟಗಳು ನಮಗೆ ಅನ್ನವನ್ನೂ ಕೊಟ್ಟಿವೆ, ಅಗಿಯುವ ಚಟವನ್ನೂ ಕೊಟ್ಟಿವೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರೂ ಬಸ್ ನಿಲ್ದಾಣದ ಮೂಲೆಗಳ ಬಣ್ಣ ಬದಲಾಗಿಲ್ಲ. ಇಂಥ ಊರಿನ ಬಾಯಿಗಳಿಂದ ಸಂಗ್ರಹಿಸಿದ ಜೊಲ್ಲಿನಲ್ಲಿ ಉರಿಯೂತ ಕಂಡರೆ ಮೊದಲು ನೋಡಬೇಕಾದದ್ದು ಕುತ್ತಿಗೆಯನ್ನಲ್ಲ, ಹಲ್ಲನ್ನು.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ಹಾಶಿಮೊಟೊ ರೋಗಿಗಳ ರಕ್ತದಲ್ಲೇ ಈ ಸಾಮಾನ್ಯ ಉರಿಯೂತದ ಸೂಚಕಗಳು ಅನೇಕ ವೇಳೆ ಏರಿರುವುದಿಲ್ಲ. ಬೆಂಕಿ ಗ್ರಂಥಿಯೊಳಗೇ ಬೂದಿ ಮುಚ್ಚಿಕೊಂಡು ಉರಿಯುತ್ತದೆ. ರೋಗ ಹಳತಾದಂತೆ ಗ್ರಂಥಿ ಸುಕ್ಕಿ ನಾರಾಗುತ್ತದೆ. ಆಗ ಉರಿಯುವುದಕ್ಕೂ ಹೆಚ್ಚೇನೂ ಉಳಿದಿರುವುದಿಲ್ಲ, ಹಾರ್ಮೋನು ಸ್ರವಿಸುವುದಕ್ಕೂ ಏನೂ ಉಳಿದಿರುವುದಿಲ್ಲ. ನನ್ನ ತಂಗಿಯಂಥ ಹಳೆಯ ರೋಗಿಗೆ ‘ಉರಿಯೂತ ಇಲ್ಲ’ ಎಂಬ ವರದಿ ಬಂದರೆ ಅದು ನಿಜವೇ ಇದ್ದೀತು. ಸುಟ್ಟು ಮುಗಿದ ಮನೆಯಲ್ಲಿ ಹೊಗೆಯಿಲ್ಲವೆಂದು ಆ ಮನೆಯವರನ್ನು ಒಳಗೆ ಮಲಗಲು ಕಳುಹಿಸಿದ ಹಾಗಾಯಿತು.

ತದ್ವಿರುದ್ಧ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ವೈರಾಣು ಜ್ವರದ ಬೆನ್ನಿಗೆ ಕೆಲವರಿಗೆ ಥೈರಾಯ್ಡ್ ಗ್ರಂಥಿ ಊದಿ, ಮುಟ್ಟಿದರೆ ಚೀರುವಷ್ಟು ನೋಯುತ್ತದೆ. ಆ ಬಗೆಯ ಥೈರಾಯ್ಡ್ ಉರಿಯೂತದಲ್ಲಿ ರಕ್ತದ ಇಎಸ್‌ಆರ್, ಸಿ-ರಿಯಾಕ್ಟಿವ್ ಪ್ರೋಟೀನು ಗಣನೀಯವಾಗಿ ಏರುತ್ತವೆ, ವೈದ್ಯರಿಗೆ ಅದು ಉಪಯುಕ್ತ ಸುಳಿವು. ಆದರೆ ಅಲ್ಲಿ ರೋಗಿಯ ನೋವೇ ವೈದ್ಯರಿಗೆ ದಾರಿ ತೋರಿಸಿರುತ್ತದೆ, ಪರೀಕ್ಷೆ ಅದನ್ನು ಅನುಮೋದಿಸುತ್ತದೆ ಅಷ್ಟೆ.

ಥೈರಾಯ್ಡಿಗೂ ಲಾಲಾಗ್ರಂಥಿಗೂ ನಂಟೇ ಇಲ್ಲವೆಂದು ಯಾರೂ ಹೇಳಲಾರರು. ಅಯೋಡಿನ್ ಹೀರಿಕೊಳ್ಳುವ ಅದೇ ಬಗೆಯ ಪಂಪು ಎರಡರಲ್ಲೂ ಇದೆ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಪಡೆದ ಕೆಲವರಿಗೆ ಬಾಯಿ ಒಣಗುವುದು, ಕೆನ್ನೆಯ ಗ್ರಂಥಿ ಊದುವುದು ಇದೇ ಕಾರಣಕ್ಕೆ. ಪೋಲೆಂಡಿನ ಸಂಶೋಧಕರು ಹಾಶಿಮೊಟೊ ರೋಗವಿರುವ ಮಹಿಳೆಯರ ಲಾಲಾರಸವನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ಲಾಲಾರಸದಲ್ಲಿ ಆಕ್ಸಿಡೇಟಿವ್ ಒತ್ತಡ ಹೆಚ್ಚಿರುವುದು ಅವರಿಗೆ ಕಂಡುಬಂತು. ಕುತೂಹಲದ ಸಂಗತಿಯೆಂದರೆ ಆ ಮಹಿಳೆಯರ ಹಾರ್ಮೋನು ಮಟ್ಟ ಸರಿಯಾಗಿಯೇ ಇತ್ತು. ರೋಗ ಬಾಯಿಯ ಮೇಲೆ ಏನು ಮಾಡುತ್ತದೆ ಎಂದು ತಿಳಿಯಲು ಇದು ಬೆಲೆಯುಳ್ಳ ಶೋಧ. ಗುಳಿಗೆ 50 ಮೈಕ್ರೋಗ್ರಾಮಿನದೋ 75ರದೋ ಎಂದು ತೀರ್ಮಾನಿಸಲು ಇದರಿಂದ ಏನೂ ಪ್ರಯೋಜನವಿಲ್ಲ. ಎರಡು ಪ್ರಶ್ನೆಗಳನ್ನು ಒಂದೇ ಬುಟ್ಟಿಗೆ ಹಾಕಿ ಮಾರುವಲ್ಲಿಯೇ ಮೋಸ ಅಡಗಿದೆ.

ಅರ್ಥಶಾಸ್ತ್ರದವನಾದ್ದರಿಂದ ಒಂದು ಲೆಕ್ಕ ಮಾಡದೆ ಇರಲಾರೆ. ಸಾವಿರ ಮಂದಿ ಶಿಬಿರಕ್ಕೆ ಬಂದರು, ಅವರಲ್ಲಿ ನೂರು ಮಂದಿಗೆ ನಿಜವಾಗಿ ಥೈರಾಯ್ಡ್ ತೊಂದರೆಯಿದೆ ಎಂದಿಟ್ಟುಕೊಳ್ಳಿ. ಜೊಲ್ಲಿನ ಪರೀಕ್ಷೆ ರೋಗಿಗಳಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 80 ಮಂದಿಯನ್ನು ಸರಿಯಾಗಿ ಬಿಟ್ಟುಕಳುಹಿಸುತ್ತದೆ ಎಂದು ಉದಾರವಾಗಿಯೇ ಊಹಿಸೋಣ. ನೂರು ರೋಗಿಗಳಲ್ಲಿ 80 ಮಂದಿ ಸಿಕ್ಕರು. ಉಳಿದ ಒಂಬೈನೂರು ಆರೋಗ್ಯವಂತರಲ್ಲಿ 180 ಮಂದಿಗೂ ‘ತೊಂದರೆಯಿದೆ’ ಎಂಬ ಚೀಟಿ ಹೋಯಿತು. ಒಟ್ಟು 260 ಚೀಟಿಗಳಲ್ಲಿ ನಿಜವಾದವು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆ 260 ಮಂದಿಯೂ ಕೊನೆಗೆ ಸೂಜಿ ಚುಚ್ಚಿಸಿಕೊಂಡೇ ಟಿಎಸ್‌ಎಚ್ ನೋಡಿಸಬೇಕು. ಅಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. ನನ್ನನ್ನು ಕಾಡುವುದು ತಪ್ಪಿಹೋದ 20 ಮಂದಿ. ಅವರು ನೆಮ್ಮದಿಯಿಂದ ಮನೆಗೆ ಹೋಗಿ ಕಾಗದವನ್ನು ದೇವರ ಗೂಡಿನಲ್ಲಿಡುತ್ತಾರೆ. ಅವರಲ್ಲಿ ಒಬ್ಬಾಕೆ ಬಸುರಿಯಾಗಿದ್ದರೆ? ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ.

ಸುಲಭ ಪರೀಕ್ಷೆಗಳನ್ನು ಕಂಡರೆ ಮೂಗು ಮುರಿಯುವ ಜಾಯಮಾನ ನನ್ನದಲ್ಲ. ನಾನು ತಹಶೀಲ್ದಾರನಾಗಿದ್ದ ತಾಲ್ಲೂಕೊಂದರಲ್ಲಿ ಇದೇ ಥೈರಾಯ್ಡಿಗೆ ಸಂಬಂಧಿಸಿದ ಅತಿ ಸುಲಭದ ಪರೀಕ್ಷೆಯನ್ನು ನಾನೇ ಮಾಡಿದ್ದೇನೆ. ಗಳಗಂಡ ನಿಯಂತ್ರಣ ಕಾರ್ಯಕ್ರಮ ಈ ದೇಶದಲ್ಲಿ ಆರಂಭವಾದದ್ದು 1962ರಲ್ಲಿ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದೆಂಬ ಕೇಂದ್ರದ ನಿರ್ಬಂಧವನ್ನು 2000ದಲ್ಲಿ ತೆಗೆದುಹಾಕಿ, 2006ರಲ್ಲಿ ಮತ್ತೆ ಹೇರಲಾಯಿತು. ನಡುವಿನ ಆ ವರ್ಷಗಳಲ್ಲಿ ಸಂತೆಗಳಲ್ಲಿ ಹರಳುಪ್ಪಿನ ಗುಡ್ಡೆಗಳು ಮತ್ತೆ ತಲೆಯೆತ್ತಿದ್ದನ್ನು ಕಣ್ಣಾರೆ ಕಂಡವನು ನಾನು. ಆರೋಗ್ಯ ಇಲಾಖೆಯವರು ಕೊಟ್ಟಿದ್ದ ಪುಟ್ಟ ಸೀಸೆಯಿಂದ ಎರಡು ಹನಿಯನ್ನು ಚಿಟಿಕೆ ಉಪ್ಪಿನ ಮೇಲೆ ಬಿಟ್ಟರೆ, ಅಯೋಡಿನ್ ಇದ್ದಲ್ಲಿ ನೀಲಿ ಬಣ್ಣ ಮೂಡುತ್ತಿತ್ತು. ಗ್ರಾಹಕನ ಕೈಸೇರುವಾಗ ಹತ್ತು ಲಕ್ಷಕ್ಕೆ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ. ಹನಿಯ ಪರೀಕ್ಷೆ ಅಷ್ಟು ನಿಖರವಲ್ಲ. ಆದರೆ ಹುಡುಕುತ್ತಿದ್ದುದು ಅಯೋಡಿನ್ನನ್ನು, ಸಿಗುತ್ತಿದ್ದುದೂ ಅಯೋಡಿನ್ನೇ. ಬಣ್ಣ ಬಾರದಿದ್ದರೆ ಮುಂದೇನು ಮಾಡಬೇಕೆಂದು ಅಂಗಡಿಯವನಿಗೂ ಗೊತ್ತಿತ್ತು, ಅಂಗನವಾಡಿ ಕಾರ್ಯಕರ್ತೆಗೂ ಗೊತ್ತಿತ್ತು: ಬೇರೆ ಉಪ್ಪು ತರಬೇಕು. ಅಂದಹಾಗೆ, ಹಾಶಿಮೊಟೊ ರೋಗ ಬಂದವರಿಗೆ ಹೆಚ್ಚು ಅಯೋಡಿನ್ ತಿಂದರೆ ವಾಸಿಯಾಗುತ್ತದೆ ಎಂಬ ನಂಬಿಕೆಯೂ ಈಗ ಹಬ್ಬಿದೆ. ಅದು ತಪ್ಪು.

ರಕ್ತಪರೀಕ್ಷೆ ದೋಷರಹಿತವೆಂದೂ ಭಾವಿಸಬೇಕಾಗಿಲ್ಲ. ಕೂದಲಿಗೆ, ಉಗುರಿಗೆ ಒಳ್ಳೆಯದೆಂದು ಜನ ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಫಲಿತಾಂಶವನ್ನು ಅಡಿಮೇಲು ಮಾಡುತ್ತದೆ. ಲೆವೊಥೈರಾಕ್ಸಿನ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯದೆ ಕಾಫಿ ಕುಡಿದರೆ ಅದು ಮೈಗೆ ಹತ್ತುವುದು ಕಡಿಮೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ನಾಲ್ಕು ಗಂಟೆ ದೂರವಿಡಬೇಕು. ಇವನ್ನೆಲ್ಲ ರೋಗಿಗೆ ಕುಳ್ಳಿರಿಸಿಕೊಂಡು ಹೇಳುವ ಪುರಸೊತ್ತು ಎಷ್ಟು ಮಂದಿಗಿದೆ? ಹನ್ನೊಂದು ವರ್ಷಗಳಲ್ಲಿ ನನ್ನ ತಂಗಿಗೆ, ಈ ಗುಳಿಗೆ ಜೀವನಪರ್ಯಂತದ್ದು, ಗ್ರಂಥಿ ಮಾಡಬೇಕಾದ ಕೆಲಸವನ್ನು ಇದು ಮಾಡುತ್ತಿದೆ ಎಂದು ಒಬ್ಬರೂ ವಿವರಿಸಿರಲಿಲ್ಲ. ಆಕೆ ಅದನ್ನು ಜ್ವರದ ಮಾತ್ರೆಯಂತೆ, ಕಾಯಿಲೆ ಹೋದರೆ ಬಿಡುವಂಥದ್ದೆಂದು ತಿಳಿದಿದ್ದಳು. ಅಣ್ಣನಾದ ನಾನೂ ಹೇಳಿರಲಿಲ್ಲ. ಲೆವೊಥೈರಾಕ್ಸಿನ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ದುಬಾರಿಯೇನಲ್ಲ. ಟಿಎಸ್‌ಎಚ್ ಪರೀಕ್ಷೆಗೆ ಕೆಲವು ನೂರು ರೂಪಾಯಿ. ದಾವಣಗೆರೆಯಲ್ಲಿ ಅದು ಸಿಗದ ಬಡಾವಣೆಯಿಲ್ಲ. ನಮ್ಮಲ್ಲಿ ಕೊರತೆಯಿರುವುದು ಸೂಜಿಯಿಲ್ಲದ ಪರೀಕ್ಷೆಗಲ್ಲ, ಬಂದ ಅಂಕಿಯನ್ನು ಕುಳಿತು ಓದಿಹೇಳುವವರಿಗೆ.

ಹಾಗೆಂದು ಲಾಲಾರಸದ ಸಂಶೋಧನೆ ನಿಲ್ಲಬೇಕೆಂದು ನಾನು ಹೇಳಲಾರೆ. ಅದನ್ನು ಮಾಡಲು ನಮ್ಮೂರಿಗಿಂತ ಪ್ರಶಸ್ತವಾದ ಸ್ಥಳ ಅಪರೂಪ. ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ದಂತ ಕಾಲೇಜುಗಳು ಇಲ್ಲಿವೆ. ಜೆ.ಜೆ.ಎಂ. ಮತ್ತು ಎಸ್.ಎಸ್. ವೈದ್ಯಕೀಯ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ವಸಡು ನೋಡಬಲ್ಲವರೂ ಥೈರಾಯ್ಡ್ ನೋಡಬಲ್ಲವರೂ ಒಂದೇ ಊರಿನಲ್ಲಿದ್ದಾರೆ. ಮೊದಲು ವಸಡು ಪರೀಕ್ಷಿಸಿ, ಒಂದೇ ಬೆಳಿಗ್ಗೆ ರಕ್ತವನ್ನೂ ಲಾಲಾರಸವನ್ನೂ ಪಡೆದು, ಔಷಧಿ ಆರಂಭಿಸುವ ಮುನ್ನವೂ ಆರಂಭಿಸಿದ ಕೆಲವು ತಿಂಗಳ ಬಳಿಕವೂ ಹೋಲಿಸಿ ನೋಡುವ ಅಧ್ಯಯನಕ್ಕೆ ದೊಡ್ಡ ಯಂತ್ರಗಳೇನೂ ಬೇಡ, ತಾಳ್ಮೆ ಬೇಕು. ಅದರ ಫಲಿತಾಂಶ ‘ಪ್ರಯೋಜನವಿಲ್ಲ’ ಎಂದು ಬಂದರೂ ಅದನ್ನು ಪ್ರಕಟಿಸುವ ಧೈರ್ಯವೂ ಬೇಕು.

ಅಲ್ಲಿಯವರೆಗೆ ಶಿಬಿರದಲ್ಲಿ ಕೊಳವೆ ಹಿಡಿದು ಬಂದವರನ್ನು ನಾಲ್ಕು ಮಾತು ಕೇಳುವುದರಲ್ಲಿ ಸಂಕೋಚವೇಕೆ? ರೋಗಪತ್ತೆಯ ಕಿಟ್‌ಗಳು ಕೂಡ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ. ಇದಕ್ಕೆ ಪರವಾನಗಿಯಿದೆಯೇ, ರಕ್ತದ ಟಿಎಸ್‌ಎಚ್ ಜೊತೆ ಹೋಲಿಸಿ ನೋಡಿದ್ದೀರಾ, ವರದಿಗೆ ಸಹಿ ಹಾಕುವ ವೈದ್ಯರು ಯಾರು, ನನ್ನ ಗುಳಿಗೆಯ ಬಗ್ಗೆ ಇದು ಏನಾದರೂ ಹೇಳುತ್ತದೆಯೇ ಎಂದು ಕೇಳಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯೂ ಶಿಬಿರಕ್ಕೆ ಅನುಮತಿ ನೀಡುವಾಗ ಇದನ್ನೇ ಕೇಳಬಹುದಲ್ಲವೇ?

ಗುಳಿಗೆ ಮತ್ತೆ ಆರಂಭಿಸಿ ಎಂಟು ವಾರಗಳಾದ ಮೇಲೆ ತಂಗಿಯನ್ನು ದಾವಣಗೆರೆಗೆ ಕರೆತಂದು ರಕ್ತ ಕೊಡಿಸಿದೆ. ಟಿಎಸ್‌ಎಚ್ 9ಕ್ಕೆ ಇಳಿದಿತ್ತು. ವೈದ್ಯರು ಪ್ರಮಾಣವನ್ನು ತುಸು ಏರಿಸಿ ಮತ್ತೆ ಆರು ವಾರ ಬಿಟ್ಟು ಬರಲು ಹೇಳಿದರು. ಮಾತಿನ ನಡುವೆ ಆಕೆ, ಹಲ್ಲುಜ್ಜುವಾಗ ರಕ್ತ ಬರುವುದು ಎರಡು ವರ್ಷಗಳಿಂದ ನಿಂತೇ ಇಲ್ಲವೆಂದಳು. ವೈದ್ಯರು ಅಲ್ಲಿಂದಲೇ ದಂತ ವೈದ್ಯರ ಬಳಿಗೆ ಕಳುಹಿಸಿದರು. ಅವರು ಕನ್ನಡಿ ಹಿಡಿದು ತೋರಿಸಿದಾಗ ನನಗೂ ಕಂಡಿತು. ಕೆಳಸಾಲಿನ ವಸಡು ಉದ್ದಕ್ಕೂ ಕೆಂಪಗೆ ಊದಿ, ಮುಟ್ಟಿದಲ್ಲೆಲ್ಲ ರಕ್ತ ಒಸರುತ್ತಿತ್ತು. ಉರಿಯೂತವಿಲ್ಲ ಎಂದು ಆ ಬಣ್ಣದ ಕಾಗದ ಬರೆದುಕೊಟ್ಟಿದ್ದು ಇದೇ ಬಾಯಿಗೆ.